ತಾಟು ಹಿಡಿದ ಮನೆ

ರಾಣೆಬೆನ್ನೂರು
9 ಜೂನ್ 2025

ಕಾವ್ಯಾ,

ನೀನು ಪರದೇಶಕ್ಕೆ ಹೋಗಿ ಹದಿನೆಂಟು ದಿನವಾಯಿತು. ನಾಲ್ಕು ಸಲ ಫೋನ್ ಮಾಡಿದ್ದೀ, ನಾಲ್ಕು ಸಲವೂ ಊಟದ ಮಾತಾಡಿ ಇಟ್ಟಿದ್ದೀ. ಅವ್ವ ಅಂದರೆ ಹಾಸ್ಟೆಲಿನ ಅಡುಗೆಯವಳು ಎಂದುಕೊಂಡಿದ್ದೀಯೇನು? ಫೋನಿನಲ್ಲಿ ನಿನ್ನ ದನಿಗೆ ಸುಳ್ಳು ಹೇಳುವುದು ಬಹಳ ಸಲೀಸು. ಕಾಗದದ ಮೇಲೆ ನಿನಗೆ ಅದು ಬರುವುದಿಲ್ಲ, ಎರಡನೇ ಇಯತ್ತೆಯಿಂದ ನೋಡಿದ್ದೇನೆ. ಆದ್ದರಿಂದ ಇನ್ನು ಪತ್ರ. ದಿಲ್ಲಿಯ ನಿಮ್ಮ ಆಫೀಸಿಗೆ ಹಾಕಿದರೆ ಸರಕಾರದ ಚೀಲದಲ್ಲಿ ಮೂರು ವಾರಕ್ಕೆ ನಿನ್ನ ಕೈ ಮುಟ್ಟುತ್ತದೆ ಎಂದು ನೀನೇ ಹೇಳಿದ್ದೀ. ತಡವಾದರೂ ಚಿಂತೆಯಿಲ್ಲ, ಖರೇ ಬರೆ.

ಇಲ್ಲಿ ಮಳೆ ಹದವಾಗಿ ಬಂದಿದೆ. ಈ ಸಲ ನಮ್ಮ ಗ್ಯಾಂಗಿಗೆ ಬೆಂಡೆ ಬೀಜದ ಪ್ಲಾಟು ಸಿಕ್ಕಿದೆ. ಜುಲೈ ಕೊನೆಗೆ ಹೂವು ಬಿಟ್ಟರೆ ಕ್ರಾಸಿಂಗ್ ಶುರು. ಸಂಜೆ ಮೊಗ್ಗು ಬಿಡಿಸುವುದು, ಬೆಳಗ್ಗೆ ಗಂಡುಹೂವಿನ ಪರಾಗ ಮುಟ್ಟಿಸುವುದು, ಮುಟ್ಟಿಸಿದ ಹೂವಿಗೆ ದಾರ ಕಟ್ಟುವುದು. ನಿನ್ನ ಅಪ್ಪ ಹೋದ ಮೇಲೆ ನಿನ್ನನ್ನು ಓದಿಸಿದ್ದು ಇದೇ ದಾರ. ಹನ್ನೆರಡು ಹೆಂಗಸರಲ್ಲಿ ಅಕ್ಷರ ಬರುವವಳು ನಾನೊಬ್ಬಳೇ, ಹೊಸರಿತ್ತಿಯ ಶಾಲೆಯ ಪುಣ್ಯ. ಕಂಪನಿಯವರು ನನ್ನನ್ನು "ಲೀಡರ್" ಅನ್ನುತ್ತಾರೆ, ನನ್ನ ಗ್ಯಾಂಗಿನವರು "ಬೈಗುಳದಾಕಿ" ಅನ್ನುತ್ತಾರೆ.

ಒಂದು ಮಾತು. ಹೊರಡುವ ದಿನ ದೇವರಗುಡ್ಡದ ಭಂಡಾರ ಮುಟ್ಟಿ ನನ್ನ ಮುಂದೆ ಆಣೆ ಮಾಡಿದ್ದೀ: "ಗುಂಡಿನ ಸಪ್ಪಳ ಕಿವಿಗೆ ಬಿದ್ದ ದಿನಾನ ಗಂಟು ಕಟ್ಟಿ ಬರ್ತೇನಿ ಬೇ." ಅದು ಅಡುಗೆಯ ಅರಿಷಿಣವಲ್ಲ, ಮೈಲಾರಪ್ಪನ ಹೆಸರಿನ ಅರಿಷಿಣ. ದಿಲ್ಲಿಯ ಪರೀಕ್ಷೆ ಪಾಸಾದವರಿಗೆ ಅವನು ರಿಯಾಯಿತಿ ಕೊಡುವುದಿಲ್ಲ.

ನಿನ್ನ ಅವ್ವ,
ಗುಡ್ಡವ್ವ


ರಾಯಭಾರ ಕಚೇರಿಯಿಂದ
2 ಜುಲೈ 2025

ಅವ್ವಾ,

ಊರ ಹೆಸರು, ದೇಶದ ಹೆಸರು ಪತ್ರದಲ್ಲಿ ಬರೆಯಬಾರದೆಂದು ನಮ್ಮ ನಿಯಮ. ನಿನಗೆ ಗೊತ್ತಿದೆ, ಸಾಕು. ಆದರೆ ಊಟದ ಮಾತು ಯಾಕೆ ಆಡುತ್ತೇನೆ ಎಂದು ಬೈದಿದ್ದೀಯಲ್ಲ, ಅದಕ್ಕೆ ಉತ್ತರ ಕೊಡಲೇಬೇಕು. ನನ್ನ ನೌಕರಿಯೇ ಊಟ.

ಈ ದೇಶದವರು ಆರು ವರ್ಷ ತಮ್ಮತಮ್ಮಲ್ಲೇ ಬಡಿದಾಡಿದರು. ಬೆಟ್ಟದ ಕಡೆಯವರು, ನದಿ ಕಡೆಯವರು ಎಂದು ಎರಡು ಪಡೆ. ಹೋದ ವರ್ಷ ಎರಡೂ ಕಡೆಯವರು ಕಾಗದಕ್ಕೆ ಸಹಿ ಹಾಕಿ, ಕೂಡಿ ಒಂದು ಹಂಗಾಮಿ ಸರಕಾರ ಕಟ್ಟಿದ್ದಾರೆ. ಚುನಾವಣೆ ನಡೆಯುವವರೆಗೆ ಅದೇ ಸರಕಾರ. ಮಂತ್ರಿಗಳಿಗೆ ಕುರ್ಚಿ ಇದೆ, ಕರೆಂಟಿಲ್ಲ. ಆ ಕಾಗದಕ್ಕೆ ಸಾಕ್ಷಿ ನಿಂತದ್ದು ನಾಲ್ಕು ದೇಶ. ಅದರಲ್ಲಿ ನಮ್ಮದೂ ಒಂದು.

ಸಾಕ್ಷಿ ಅಂದರೆ ಸಹಿ ಹಾಕಿ ಮನೆಗೆ ಹೋಗುವುದಲ್ಲ. ಎರಡೂ ಕಡೆಯ ಸೈನಿಕರನ್ನು ಒಂದೇ ಕ್ಯಾಂಪಿನಲ್ಲಿಟ್ಟು ಒಂದು ಪಡೆ ಮಾಡುತ್ತಿದ್ದಾರೆ. ಅಡುಗೆಮನೆ ಒಂದೇ. ಆದರೆ ಅವರು ವಿಷ ಹಾಕಿದ್ದಾರೆಂದು ಇವರಿಗೆ ಅಂಜಿಕೆ, ಇವರು ಹಾಕಿದ್ದಾರೆಂದು ಅವರಿಗೆ. ಮೊದಲ ವಾರ ಯಾರೂ ಉಣ್ಣಲೇ ಇಲ್ಲವಂತೆ. ಅದಕ್ಕೆ ದಿನಾ ಮಧ್ಯಾಹ್ನ ಸಾಕ್ಷಿ ದೇಶಗಳ ಒಬ್ಬೊಬ್ಬರು ಹೋಗಿ, ಆ ಎರಡು ಸಾವಿರ ಜನರ ಮುಂದೆ ಕುಳಿತು, ಮೊದಲ ತುತ್ತು ಉಣ್ಣಬೇಕು. ನಮ್ಮ ಕಚೇರಿಯ ಪಾಳಿಯಲ್ಲಿ ವಾರಕ್ಕೆ ಮೂರು ದಿನ ನನ್ನದು. ನಾನು ನುಂಗಿದ್ದು ಕಂಡ ಮೇಲೆ ಅವರು ತಾಟಿಗೆ ಕೈ ಹಾಕುತ್ತಾರೆ.

ಜೋಳದ ಹಿಟ್ಟಿನ ಗಟ್ಟಿ ಗಂಜಿ, ಕಾಳಿನ ಸಾರು. ಖಾರವೇ ಇಲ್ಲ. ಕನಕಪ್ಪ ಮಾವ ಕೊಟ್ಟ ಬ್ಯಾಡಗಿ ಪುಡಿ ಮುಗಿಯುತ್ತ ಬಂತು. ಊರೆಲ್ಲ ಶಾಂತವಾಗಿದೆ.

ನಿನ್ನ,
ಕಾವ್ಯಾ


ರಾಣೆಬೆನ್ನೂರು
28 ಜುಲೈ 2025

ಕಾವ್ಯಾ,

ಪತ್ರ ಓದಿ ಮೊದಲು ನಕ್ಕೆ. ಚಿಕ್ಕವಳಿದ್ದಾಗ ಒಂದು ರೊಟ್ಟಿ ಉಣ್ಣಿಸಲು ನಿನ್ನ ಹಿಂದೆ ಓಣಿ ತುಂಬ ಓಡಿದ್ದೇನೆ. ಈಗ ಎರಡು ಸಾವಿರ ಗಂಡಸರು ನಿನ್ನ ಬಾಯಿ ನೋಡುತ್ತ ಕೂಡುತ್ತಾರಂತೆ! ಗ್ಯಾಂಗಿನಲ್ಲಿ ಓದಿ ಹೇಳಿದೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮನೆಗೆ ಬಂದು ಒಬ್ಬಳೇ ಕುಳಿತಾಗ ನಗು ನಿಂತಿತು. ಊಟದಲ್ಲಿ ಖರೇನೇ ವಿಷ ಇದ್ದರೆ ಅದು ಮೊದಲು ಯಾರಿಗೆ ಗೊತ್ತಾಗುತ್ತದೆ?

ನಿನ್ನ ಮಾವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿ ಬಿಟ್ಟು ನಿನ್ನೆ ಓಡಿ ಬಂದ. ಟೀವಿಯಲ್ಲಿ ನೀನಿರುವ ಊರು ತೋರಿಸಿದರಂತೆ, ಹೊಗೆ ಏಳುತ್ತಿತ್ತಂತೆ. "ತಂಗೀ, ಹುಡುಗೀನ್ನ ಅಲ್ಲಿ ಸಾಯಾಕ ಬಿಟ್ಟು ನೀ ಇಲ್ಲಿ ಹೂವಿಗೆ ದಾರಾ ಕಟ್ಟಾಕತ್ತೀ ಏನ್?" ಅಂದ. "ನಾ ಎಲ್ಲಿ ಬಿಟ್ಟೇನಿ, ಸರಕಾರ ಕಳಿಸೇತಿ" ಅಂದೆ. ಆದರೆ ಅವನು ಹೋದ ಮೇಲೆ ನೆನಪಾಯಿತು. ಮೊನ್ನೆ ಹತ್ತೊಂಬತ್ತಕ್ಕೆ ನೀನು ಫೋನ್ ಮಾಡಿದಾಗ ಹಿಂದೆ ಪಟಪಟ ಸಪ್ಪಳ ಇತ್ತು. "ಮದುವೀ ಪಟಾಕಿ ಬೇ" ಅಂದಿದ್ದೀ. ಇಪ್ಪತ್ತಕ್ಕೂ ಪಟಾಕಿ, ಇಪ್ಪತ್ತೊಂದಕ್ಕೂ ಪಟಾಕಿ. ಮೂರು ದಿನ ನಡೆಯುವ ಈ ಮದುವೆ ಯಾರದು?

ಕಾಗದದ ಮೇಲೆ ಉತ್ತರ ಬರೆ.

ಗುಡ್ಡವ್ವ


ರಾಯಭಾರ ಕಚೇರಿಯಿಂದ
20 ಆಗಸ್ಟ್ 2025

ಅವ್ವಾ,

ಪಟಾಕಿಯಲ್ಲ. ಆಣೆ ಮುರಿದಿದ್ದೇನೆ.

ಜುಲೈ ಹದಿನೇಳಕ್ಕೆ ಶುರುವಾಯಿತು. ಒಪ್ಪಂದ ಬೇಡವೆನ್ನುವ ಮೂರನೇ ಗುಂಪೊಂದಿದೆ, ಅವರು ಮಂತ್ರಿಗಳ ಓಣಿಯ ಮೇಲೆ ಗುಂಡು ಹಾರಿಸಿದರು. ಐದು ದಿನ ನಾವು ಕಚೇರಿಯ ನೆಲಮಾಳಿಗೆಯಲ್ಲಿದ್ದೆವು. ನೀನು ಕೊಟ್ಟ ಭಂಡಾರದ ಪೊಟ್ಟಣ ಜೇಬಿನಲ್ಲೇ ಇತ್ತು. ಅದನ್ನು ಮುಟ್ಟುವ ಧೈರ್ಯ ಆಗಲಿಲ್ಲ.

ಆರನೇ ದಿನ ಕ್ಯಾಂಪಿಗೆ ಯಾರು ಹೋಗುತ್ತೀರಿ ಎಂದು ನಮ್ಮ ರಾಯಭಾರಿ ಮೇಡಂ ಕೇಳಿದರು. ಎರಡು ಸಾಕ್ಷಿ ದೇಶಗಳು ಆಗಲೇ ಬಾಗಿಲು ಹಾಕಿಕೊಂಡು ವಿಮಾನ ಹತ್ತಿದ್ದವು. ಕ್ಯಾಂಪಿನವರು ಎರಡು ದಿನದಿಂದ ಉಪವಾಸ. ಅಡುಗೆ ಆಗುತ್ತಿತ್ತು, ಯಾರೂ ಮುಟ್ಟುತ್ತಿರಲಿಲ್ಲ, ಅವರವರು ಬಂದೂಕು ಹಿಡಿದು ಅವರವರ ಮೂಲೆಯಲ್ಲಿ ಕುಳಿತಿದ್ದರು. ನಾನು ಹೋದೆ. ಕೈ ನಡುಗಿ ಸಾರು ಚೆಲ್ಲಿತು. ಒಬ್ಬ ಮುದಿ ಸೈನಿಕ ನಕ್ಕ. ಆಮೇಲೆ ಎಲ್ಲರೂ ಉಂಡರು. ಇನ್ನೊಂದು ಸಾಕ್ಷಿ ದೇಶ ಕಡಿಮೆಯಾದರೂ ಒಪ್ಪಂದ ಬಿದ್ದು ಹೋಗುತ್ತದೆಂದು ಅದರಲ್ಲೇ ಬರೆದಿದೆ. ಜನವರಿ ಹದಿನೈದಕ್ಕೆ ಎರಡೂ ಪಡೆ ಒಂದೇ ಸಮವಸ್ತ್ರ ಹಾಕಬೇಕು. ಅಲ್ಲಿಯವರೆಗೆ ಈ ತುತ್ತು ನಿಲ್ಲಬಾರದು.

ನನಗೆ ಆಗ ನೆನಪಾದದ್ದು ಭರಮಣ್ಣಜ್ಜ. ನಿನ್ನ ತವರೂರಿನಲ್ಲಿ ಮೇಲೋಣಿ, ಕೆಳಗೋಣಿಯವರು ಕೆರೆಯ ನೀರಿಗಾಗಿ ಹೊಡೆದಾಡಿದಾಗ, ಎರಡೂ ಓಣಿಯವರು ಭಂಡಾರ ಮುಟ್ಟಿ ರಾಜಿಯಾದದ್ದು, ಎರಡಕ್ಕೂ ಸೇರದ ಅಜ್ಜ ಆ ಭಂಡಾರದ ತಾಟು ಹಿಡಿದು ನಡುವೆ ಚಾವಡಿಯಲ್ಲಿ ಕುಳಿತದ್ದು. ಒಂಬತ್ತು ದಿನ ತಾಟು ನೆಲ ಮುಟ್ಟಬಾರದು, ದಿನಾ ಒಂದೊಂದು ಊಟ ಒಂದೊಂದು ಓಣಿಯಲ್ಲಿ ಮಾಡಬೇಕು. ಆ ಹಿತ್ತಾಳೆ ತಾಟಿನಲ್ಲಿ ಒಮ್ಮೆ ಮಂಡಕ್ಕಿ ಹಾಕಿಕೊಂಡು ತಿಂದೆನೆಂದು ನೀನು ನನ್ನನ್ನು ಬಡಿದದ್ದು ಮರೆತಿಲ್ಲ. ನಾವು ತಾಟು ಹಿಡಿದ ಮನೆಯವರು ಎಂದು ಊರಿನವರೆಲ್ಲ ಅನ್ನುತ್ತಿದ್ದರಲ್ಲ. ನಾನೂ ಅದನ್ನೇ ಮಾಡುತ್ತಿದ್ದೇನೆ. ನೀನು ಏನೇ ಬೈದರೂ ಬರುವುದಿಲ್ಲ.

ಕಾವ್ಯಾ


ಬ್ಯಾಡಗಿ
12 ಸೆಪ್ಟೆಂಬರ್ 2025

ಚಿರಂಜೀವಿ ಕಾವ್ಯಾಳಿಗೆ ಸೋದರಮಾವ ಕನಕಪ್ಪನ ಆಶೀರ್ವಾದಗಳು.

ನಿನ್ನ ಪತ್ರ ನಾನು ಓದಿದೆ. ನಿನ್ನ ಅವ್ವ ಓದಲು ಕೊಡಲಿಲ್ಲ, ನಾನೇ ಜಗುಲಿಯ ಮೇಲಿಂದ ತೆಗೆದುಕೊಂಡು ಓದಿದೆ. ಓದಿದ ಮೇಲೆ ಎರಡು ದಿನ ಅಂಗಡಿಯಲ್ಲಿ ಕೂಡಲು ಆಗಲಿಲ್ಲ. ಯಾರದೋ ದೇಶ, ಯಾರದೋ ಜಗಳ, ಯಾರದೋ ಸರಕಾರ. ನಮ್ಮ ಹುಡುಗಿ ಅಲ್ಲಿ ವಿಷದ ರುಚಿ ನೋಡುವುದೆಂದರೆ ಏನು ಕರ್ಮ?

ನಾನು ಸುಮ್ಮನೆ ಕುಳಿತಿಲ್ಲ. ಹಾವೇರಿಗೆ ಹೋಗಿ ವಕೀಲರಿಂದ ಒಳ್ಳೆಯ ಇಂಗ್ಲಿಷಿನಲ್ಲಿ ಅರ್ಜಿ ಬರೆಸಿ, ನಿನ್ನ ಅವ್ವ ಪ್ಲಾಟಿನಲ್ಲಿದ್ದಾಗಲೇ ಸಹಿ ಹಾಕಿಸಿಕೊಂಡು ದಿಲ್ಲಿಗೆ ಕಳಿಸಿದ್ದೇನೆ. "ವಿಧವೆಯ ಒಬ್ಬಳೇ ಮಗಳು, ಕೂಡಲೇ ವಾಪಸು ಕರೆಸಿರಿ" ಎಂದು. ಸಿಟ್ಟಾಗು, ಅಡ್ಡಿಯಿಲ್ಲ. ಜೀವಂತ ಬಂದು ಸಿಟ್ಟಾಗು.

ಅಜ್ಜನ ತಾಟಿನ ಮಾತು ಬರೆದಿದ್ದೀ. ತಾಟು ಹಿಡಿದು ನಮ್ಮಪ್ಪ ಏನು ಕಂಡನೆಂದು ನಿನ್ನ ಅವ್ವನನ್ನು ಕೇಳು. ನನ್ನನ್ನು ಕೇಳಬೇಡ.

ಇದರ ಜೊತೆ ಎರಡು ಕಿಲೋ ಪುಡಿ ಕಳಿಸಿದ್ದೇನೆ, ಈ ವರ್ಷದ ಕಾಯಿ. ಬಣ್ಣ ನೋಡಿದರೆ ಗೊತ್ತಾಗುತ್ತದೆ.

ಇಂತು,
ಕನಕಪ್ಪ


ರಾಯಭಾರ ಕಚೇರಿಯಿಂದ
8 ಅಕ್ಟೋಬರ್ 2025

ಅವ್ವಾ,

ನಿನ್ನ ಅರ್ಜಿ ಬಂದು ಮುಟ್ಟಿತು. ಮೇಡಂ ನನ್ನನ್ನು ಕರೆದು ಮೇಜಿನ ಮೇಲಿಟ್ಟರು. ಮಾವನೇ ಖೊಟ್ಟಿ ಸಹಿ ಹಾಕಿರಬೇಕು ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಸಹಿಯ ಪಕ್ಕದಲ್ಲಿ ಹಳದಿ ಬೆರಳಿನ ಗುರುತು ಕಂಡಿತು. ಪರಾಗದ ಕೈ. ಆ ಕೈಯನ್ನು ನಾನು ಎಲ್ಲಿ ಕಂಡರೂ ಗುರುತಿಸುತ್ತೇನೆ.

ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಪತ್ರದಲ್ಲಿ ಬೈಯಬಹುದಿತ್ತು, ಶಾಪ ಹಾಕಬಹುದಿತ್ತು. ನೀನು ಬರೆಯಲೇ ಇಲ್ಲ. ಆಗಸ್ಟಿನಿಂದ ಒಂದು ಅಕ್ಷರ ಇಲ್ಲ. ಅರ್ಜಿ ಮಾತ್ರ ಬಂತು, ಅದೂ ಇಂಗ್ಲಿಷಿನಲ್ಲಿ.

ನವೆಂಬರ್ ಮೂವತ್ತಕ್ಕೆ ವಿಮಾನ. ಅರ್ಧ ಸಿಬ್ಬಂದಿಯನ್ನು ಕಳಿಸುತ್ತಾರೆ. ಪಟ್ಟಿಯಲ್ಲಿ ಮೊದಲ ಹೆಸರು ನನ್ನದು, ನಿನ್ನ ಹಳದಿ ಬೆರಳಿನ ಕೃಪೆ. ಉಳಿದವರಲ್ಲಿ ಕ್ಯಾಂಪಿನ ಪಾಳಿಗೆ ಹೋಗಲು ಒಬ್ಬರೂ ಒಪ್ಪಿಲ್ಲ, ಅವರಿಗೂ ಮನೆಯಿದೆ, ನಾನು ಬೈಯುವುದಿಲ್ಲ. ನಾನು ಹತ್ತುವುದಿಲ್ಲ ಎಂದು ಮೇಡಂ ಮುಂದೆ ಹೇಳಿದೆ. ಅವರು ಅರ್ಜಿಯನ್ನು ನನ್ನ ಕಡೆಗೆ ಸರಿಸಿದರು. "ನಿಮ್ಮ ತಾಯಿ ಬೇಡವೆಂದು ಬರೆದಿರುವಾಗ ನಾನು ನಿಮ್ಮನ್ನು ಅಲ್ಲಿಗೆ ಕಳಿಸಲಾರೆ. ಅವರದೇ ಕೈಯ ಪತ್ರ ಬಂದರೆ ಇರಿ" ಅಂದರು.

ಒಪ್ಪಿಗೆ ಬೇಡುತ್ತಿಲ್ಲ. ಕೇಳುತ್ತಿದ್ದೇನೆ, ಹಕ್ಕಿನಿಂದ. ಅಜ್ಜನಿಗೆ ಅಷ್ಟು ದೊಡ್ಡ ಹೆಸರು ಕೊಟ್ಟ ಕೆಲಸ ನನಗೆ ಮಾತ್ರ ಯಾಕೆ ತಪ್ಪು? ಮಾವ ನಿನ್ನನ್ನೇ ಕೇಳು ಅಂದಿದ್ದಾನೆ. ಕೇಳಿದ್ದೇನೆ.

ಕಾವ್ಯಾ


ರಾಣೆಬೆನ್ನೂರು
2 ನವೆಂಬರ್ 2025

ಕಾವ್ಯಾ,

ಸಹಿ ನನ್ನದೇ. ಅಣ್ಣ ಬದುವಿನ ಮೇಲೆ ನಿಂತು "ಹಾಕ್ ಲಗೂ" ಅಂದ, ಹಾಕಿದೆ. ಅವನ ಮೇಲೆ ಹೊರಿಸುವುದಿಲ್ಲ. ಇಂಗ್ಲಿಷು ಓದಲು ಬರುವುದಿಲ್ಲ, ಆದರೆ ಏನು ಬರೆದಿದೆ ಎಂದು ಪೂರಾ ಗೊತ್ತಿತ್ತು. ನೀನು ಬರಬೇಕಿತ್ತು ನನಗೆ. ಈಗಲೂ ಬೇಕು.

ಬರೆಯದೆ ಇದ್ದದ್ದು ಸಿಟ್ಟಿನಿಂದಲ್ಲ. ನಿನ್ನ ಆಗಸ್ಟಿನ ಪತ್ರದಲ್ಲಿ ಅಜ್ಜನ ಮಾತು ಓದಿದ ಮೇಲೆ ಕೈ ಓಡಲಿಲ್ಲ. ನಾಲ್ಕು ಸಲ ಬರೆದು ಹರಿದೆ. ನಿನ್ನನ್ನು ಆ ಕತೆಯಲ್ಲಿ ಬೆಳೆಸಿದವಳು ನಾನು. ಕತೆಯಲ್ಲಿ ಒಂದು ಸುಳ್ಳಿದೆ.

ಅಜ್ಜ ಒಂಬತ್ತು ದಿನ ತಾಟು ಹಿಡಿಯಲಿಲ್ಲ. ಆರನೇ ದಿನ ಮಧ್ಯಾಹ್ನ ನೆಲಕ್ಕಿಟ್ಟು ಮನೆಗೆ ಬಂದ. ಚಾವಡಿ ಬರಿದಾದದ್ದು ಕಂಡು ಮೇಲೋಣಿಯವರು ಇವರು ಮೋಸ ಮಾಡಿದರು ಅಂದರು, ಕೆಳಗೋಣಿಯವರು ಅವರು ಮಾಡಿದರು ಅಂದರು. ಹೊತ್ತು ಮುಳುಗುವುದರೊಳಗೆ ಏಳು ಮನೆ ಸುಟ್ಟವು. ಎದುರು ಮನೆಯ ಮಂಗಳವ್ವನ ಮಗ ಮಾಲತೇಶ ಸತ್ತ. ಹತ್ತೊಂಬತ್ತು ವರ್ಷದವನು, ಜಗಳ ಬಿಡಿಸಲು ಹೋಗಿದ್ದ. ತಾಟು ಹಿಡಿದ ಮನೆ ಎಂದು ಊರವರು ಅನ್ನುತ್ತಿದ್ದದ್ದು ಹೊಗಳಿಕೆಯಲ್ಲ ಮಗಳೇ. ನಿನಗೆ ಹಾಗೆ ಕೇಳಿಸಿತು, ನಾನು ತಿದ್ದಲಿಲ್ಲ. ನಿನ್ನ ಅಜ್ಜ ಆಮೇಲೆ ಇಪ್ಪತ್ತು ವರ್ಷ ಬದುಕಿದ, ಚಾವಡಿಯ ಮುಂದೆ ಹಾಯಲಿಲ್ಲ. ಹೊಲಕ್ಕೆ ಹೋಗಲು ಊರು ಸುತ್ತು ಹಾಕುತ್ತಿದ್ದ.

ಅವನು ಯಾಕೆ ತಾಟು ಇಟ್ಟ ಎಂಬುದನ್ನು ನಿನಗೆ ಬರೆಯಲು ಆಗುತ್ತಿಲ್ಲ. ನಿಮ್ಮ ಮೇಡಂಗೆ ಬರೆದಿದ್ದೇನೆ, ಜೊತೆಗಿದೆ. ಅಲ್ಲಿ ಕನ್ನಡ ಬರುವವಳು ನೀನೊಬ್ಬಳೇ. ಓದಿ ಅವರಿಗೆ ಹೇಳು. ನನ್ನ ಮರ್ಯಾದೆ ಕಾಯಲು ಹೋಗಿ ಒಂದು ಮಾತು ಬಿಟ್ಟರೂ ನನ್ನಾಣೆ.

ಆಣೆ ಅಂದ ಮೇಲೆ ಇದೂ ಹೇಳಿಬಿಡುತ್ತೇನೆ. ನಿನ್ನೆ ಪ್ಲಾಟು ಬಿಟ್ಟು ಬರಿಗಾಲಿನಲ್ಲಿ ದೇವರಗುಡ್ಡಕ್ಕೆ ನಡೆದೆ. ಮೆಟ್ಟಿಲ ಬುಡದಲ್ಲಿ ಕರಿಕಂಬಳಿಯ ಗೊರವಪ್ಪ ಕುಳಿತಿದ್ದ. "ಹಾಕಿಸಿದ ಆಣಿ ಹಿಂದಕ್ಕ ತಗೋಬೇಕಾಗೇತ್ರಿ" ಅಂದೆ.

"ಆಣಿ ಮಾಡಿದಾಕಿ ಎಲ್ಲಿ ಅದಾಳ?"

"ಪರದೇಶದಾಗ."

"ಮುರದಾಳನು?"

"ಮುರದಾಳ್ರಿ. ಚಲೋ ಕೆಲಸಕ್ಕ ಮುರದಾಳ."

ಅವನು ನನ್ನನ್ನು ಮೇಲೆ ಕೆಳಗೆ ನೋಡಿದ. "ಹಂಗಾರ ತಪ್ಪು ಆಕೀದಲ್ಲ ತಂಗಿ, ಹಾಕಿಸಿದ ನಿಂದು. ಮ್ಯಾಲೆ ಹೋಗು, ದೇವರಿಗೆ ನೀನ ಹೇಳು" ಅಂದ. ಹೋದೆ, ಹೇಳಿದೆ. ನೀನು ಬಿಡುಗಡೆಯಾದೆ. ಪೊಟ್ಟಣ ಧೈರ್ಯವಾಗಿ ಬಿಚ್ಚು, ಹಣೆಗೆ ಹಚ್ಚಿಕೋ, ಹೋಗಿ ಉಣ್ಣು.

ಅಣ್ಣನಿಗೆ ಒಪ್ಪಿಗೆ ಕೊಡುವ ಮಾತು ಹೇಳಿಯೇ ಬರೆದಿದ್ದೇನೆ. ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬಿಡಲಿ. ಮೆಣಸಿನ ಪುಡಿ ಮಾತ್ರ ಮತ್ತೆ ಕಳಿಸಿಕೊಟ್ಟ.

ನಿನ್ನ ಅವ್ವ


ರಾಣೆಬೆನ್ನೂರು
2 ನವೆಂಬರ್ 2025

ಮಾನ್ಯ ರಾಯಭಾರಿಯವರಿಗೆ ಗುಡ್ಡವ್ವನ ನಮಸ್ಕಾರ.

ಈ ಪತ್ರವನ್ನು ನಿಮಗೆ ಓದಿ ಹೇಳುತ್ತಿರುವವಳು ನನ್ನ ಮಗಳು. ಅವಳು ಎಲ್ಲಿಯಾದರೂ ನಿಂತರೆ, ಮುಂದೆ ಓದು ಎಂದು ನೀವು ಹೇಳಬೇಕು.

ನಾನು ಹತ್ತು ವರ್ಷದವಳಿದ್ದಾಗ ನಮ್ಮಪ್ಪ ಭರಮಣ್ಣ ಊರಿನ ಎರಡು ಓಣಿಗಳ ರಾಜಿಗೆ ಸಾಕ್ಷಿಯಾಗಿ ಭಂಡಾರದ ತಾಟು ಹಿಡಿದು ಕುಳಿತಿದ್ದ. ಅವನನ್ನು ಕೊಲ್ಲುತ್ತಾರೆಂದು ಓಣಿಯಲ್ಲಿ ಮಾತಾಡುತ್ತಿದ್ದರು. ಆರನೇ ದಿನ ಮಧ್ಯಾಹ್ನ ನಾನು ಚಾವಡಿಗೆ ಓಡಿದೆ. "ಅಪ್ಪಾ, ಮನೀಗೆ ನಡಿ" ಅಂದೆ. "ಇನ್ನ ಮೂರ ದಿನ, ಗುಡ್ಡೀ" ಅಂದ. ನಾನು ಆ ತಾಟಿನ ಭಂಡಾರದಲ್ಲೇ ಕೈಯಿಟ್ಟು, "ನೀ ಬರಲಿಲ್ಲಂದ್ರ ಬಾವಿಗೆ ಬೀಳತೇನಿ" ಎಂದು ಆಣೆ ಮಾಡಿ ನೆಲಕ್ಕೆ ಬಿದ್ದು ಹೊರಳಾಡಿದೆ. ನನ್ನನ್ನು ಎತ್ತಿಕೊಳ್ಳಲು ಅವನಿಗೆ ಎರಡೂ ಕೈ ಬೇಕಾದವು. ತಾಟು ಕೆಳಗಿಟ್ಟ.

ಅಪ್ಪ ಅಂಜಿ ಓಡಿದ ಎಂದು ಊರು ಅಂದಿತು. ಅವನು ಒಂದು ಸಲವೂ ನನ್ನ ಹೆಸರು ಹೇಳಲಿಲ್ಲ. ಮಗ ಸತ್ತ ಮಂಗಳವ್ವ ಅವನ ಮುಖ ನೋಡಲಿಲ್ಲ, ಆದರೆ ಸಾಯುವವರೆಗೂ ನನ್ನನ್ನು ಕರೆದು ಹಬ್ಬದ ಹೋಳಿಗೆ ಕೊಟ್ಟಳು. ನಾನು ತಿಂದೆ. ನಲವತ್ತೆರಡು ವರ್ಷ ಬಾಯಿ ಬಿಡಲಿಲ್ಲ. ಇದನ್ನು ಮೊದಲು ಕೇಳುತ್ತಿರುವವರು ನೀವು, ಮತ್ತು ಓದುತ್ತಿರುವವಳು.

ನಿಮ್ಮ ದೇಶಕಾರಭಾರ ನನಗೆ ತಿಳಿಯದು. ಆ ಹಂಗಾಮಿ ಸರಕಾರ ಉಳಿಯುತ್ತದೋ ಬೀಳುತ್ತದೋ ಅದೂ ತಿಳಿಯದು. ಸಾಕ್ಷಿ ಎದ್ದು ಹೋದ ಊರು ಸಂಜೆಗೆ ಏನಾಗುತ್ತದೆ ಎಂಬುದು ಮಾತ್ರ ನನಗೆ ಗೊತ್ತು, ನಿಮ್ಮ ದಿಲ್ಲಿಯವರಿಗಿಂತ ಚೆನ್ನಾಗಿ ಗೊತ್ತು. ನಡುಗುವ ಕೈ ಎಂದು ನನ್ನ ಮಗಳನ್ನು ಬದಲಿಸಬೇಡಿ. ನಮ್ಮಪ್ಪನ ಕೈಯೂ ನಡುಗುತ್ತಿತ್ತು, ತಾಟು ನಿಂತಿತ್ತು. ಅದನ್ನು ಇಡಿಸಿದ್ದು ಮನೆಯಿಂದ ಬಂದ ಕರೆ.

ಸೆಪ್ಟೆಂಬರಿನಲ್ಲಿ ನಾನು ಅದೇ ಕರೆಯನ್ನು ಇಂಗ್ಲಿಷಿನಲ್ಲಿ ಕಳಿಸಿದ್ದೆ. ಅದನ್ನು ಹರಿದು ಹಾಕಿರಿ. ಮಗಳು ಬೇಡವಾಗಿ ಬರೆಯುತ್ತಿಲ್ಲ, ಅವಳ ಹೊರತು ನನಗೆ ಯಾರೂ ಇಲ್ಲ. ಅದಕ್ಕೇ ನನ್ನ ಮಾತಿಗೆ ತೂಕವಿದೆ ಎಂದು ತಿಳಿಯಿರಿ. ಜನವರಿ ಹದಿನೈದರವರೆಗೆ ಯಾರು ನನ್ನ ಹೆಸರಿನಲ್ಲಿ ಏನು ಬರೆದರೂ, ನಾನೇ ಅತ್ತು ಬರೆದರೂ, ಅವಳನ್ನು ಮನೆಗೆ ಕಳಿಸಬೇಡಿ.

ಮೆಣಸಿನ ಪುಡಿ ಕಳಿಸಿದ್ದೇನೆ. ಬಣ್ಣ ಹೆಚ್ಚು, ಖಾರ ಕಡಿಮೆ, ಯಾರೂ ಅಂಜಬೇಕಾಗಿಲ್ಲ. ಆ ಸೈನಿಕರ ಸಾರಿಗೆ ಹಾಕಿಸಿರಿ. ಮೊದಲ ತುತ್ತು ಕಾವ್ಯಾ ಉಣ್ಣಲಿ.

ಇದು ನನ್ನ ಒಪ್ಪಿಗೆ. ಸಹಿ ನನ್ನದೇ. ಪಕ್ಕದ ಬೆರಳಿನ ಹಳದಿ ಈ ಸಲ ಹೂವಿನದಲ್ಲ, ಭಂಡಾರದ್ದು.

ಗುಡ್ಡವ್ವ
ಭರಮಣ್ಣನ ಮಗಳು, ಕಾವ್ಯಾಳ ತಾಯಿ